ಇಲ್ಲದ ಕಿಟಕಿಯ ಬಿಸಿಲು

ಪಡುವಣ ಗೋಡೆಯಲ್ಲಿ ಕಿಟಕಿಯೇ ಇರಲಿಲ್ಲ.

ಚೂಟಿ ಇನ್ನೊಮ್ಮೆ ನೋಡಿದಳು. ನೆಲದಿಂದ ಸೂರಿನವರೆಗೆ ಕಬ್ಬಿಣದ ಕಪಾಟುಗಳು, ಅವುಗಳ ತುಂಬ ಹೊಸ ಪುಸ್ತಕಗಳು. ಹಿಂದೆ ಏನಾದರೂ ಇದ್ದೀತೆಂದು ಎರಡು ಕಪಾಟುಗಳ ಸಂದಿಗೆ ಕೈ ತೂರಿಸಿದಳು. ಒರಟು ಸಿಮೆಂಟು ಬೆರಳಿಗೆ ತಾಗಿತು.

ಬೆನ್ನ ಹಿಂದೆ ಲೈಬ್ರರಿಯನ್ ಅಮ್ಮ ಮಾತ್ರ ಹುರುಪಿನಿಂದ ಹೇಳುತ್ತಲೇ ಇದ್ದರು.

“ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ ಕಣಮ್ಮ. ಸರಿಯಾಗಿ ಐದಕ್ಕೆ ಯಜಮಾನರು ಬಂದ್ರು. ರಿಬ್ಬನ್ ಕತ್ತರಿಸಿದ್ರು. ಇಲ್ಲೇ, ನೀನು ನಿಂತಿದ್ದೀಯಲ್ಲ, ಅಲ್ಲೇ ನಿಂತು ಮಾತಾಡಿದ್ರು. ಪಡುವಣ ಕಿಟಕಿಯಿಂದ ಬಿಸಿಲು ಬಂದು ಅವರ ಕನ್ನಡಕದ ಮೇಲೆ ಮಿಂಚ್ತಿತ್ತು.”

ಚೂಟಿಯ ಕೈ ಸಂದಿಯಲ್ಲೇ ಉಳಿಯಿತು. ಆ ಬಿಸಿಲನ್ನು ಅವಳು ಚೆನ್ನಾಗಿ ಬಲ್ಲಳು. ಅದನ್ನು ಹುಟ್ಟಿಸಿದ್ದು ಸೂರ್ಯನಲ್ಲ. ಕಾಲೇಜಿನ ಸುದ್ದಿಕೋಣೆಯ ಮೂಲೆಯ ಬೆಂಚಿನ ಮೇಲೆ ಕೂತು, ಪೆನ್ನಿನ ತುದಿ ಕಚ್ಚುತ್ತ, ಅವಳೇ ಹುಟ್ಟಿಸಿದ್ದು.

ಗೋದಾಮು ಕಾಯುತ್ತಿದ್ದ ತಾತನನ್ನು ಆ ಉದ್ಘಾಟನೆಯ ದಿನವೇ ಯಾರೋ ಅಟ್ಟದಿಂದ ತಳ್ಳಿ ಕೊಂದು ಒಂದು ವಾರವಾಗಿತ್ತು. ಊರಿಗೆಲ್ಲ ಕೇಳುವ ಐದು ಗಂಟೆಯ ಸೈರನ್ ನಿಂತ ಬೆನ್ನಿಗೇ ಆತನ ಕೂಗು ಪಕ್ಕದ ಗಿರಣಿಯವರ ಕಿವಿಗೆ ಬಿದ್ದಿತ್ತು. ಬಾಗಿಲಿಗೆ ಹೊರಗಿನಿಂದ ಬೀಗ, ತಾತನ ಕೀಲಿಕೈ ತಾತನ ಸೊಂಟದಲ್ಲೇ. ಉಳಿದ ಕೀಲಿಕೈಗಳು ಎರಡೇ. ಒಂದು ಗೋದಾಮಿನ ಒಡೆಯರಾದ ಯಜಮಾನರದು, ಇನ್ನೊಂದು ಅವರ ಡ್ರೈವರನದು. ಯಜಮಾನರು ಆ ಹೊತ್ತಿಗೆ ಲೈಬ್ರರಿಯಲ್ಲಿದ್ದರೆಂದು ಸಂಜೆ ಪತ್ರಿಕೆಯೇ ಸಾರಿ ಹೇಳಿತ್ತು. ಹಾಗಾಗಿ ಡ್ರೈವರ್ ಲಾಕಪ್ಪಿನಲ್ಲಿದ್ದ. ಎಲ್ಲಿದ್ದೆ ಆಗ ಎಂದು ಯಾರು ಕೇಳಿದರೂ ಅವನು ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಆ ಡ್ರೈವರ್ ಚೂಟಿಯ ಅಣ್ಣ. ಆ ವರದಿ ಚೂಟಿಯದು.

ಈ ಹುಡುಗಿಗೆ ಚೂಟಿ ಎಂದು ಹೆಸರಿಟ್ಟವನೂ ಆ ಅಣ್ಣನೇ. ಯಾವ ಕೆಲಸ ಹೇಳಿದರೂ ಹೇಳಿ ಮುಗಿಸುವುದರೊಳಗೆ ಮಾಡಿ ಮುಗಿಸುತ್ತಾಳೆ ಎಂದು. ಹೊಸ ಓದುಕೋಣೆಯ ಉದ್ಘಾಟನೆಗೂ ಹಾಗೇ ಆಯಿತು. ಪತ್ರಿಕೋದ್ಯಮ ಕ್ಲಾಸಿನಿಂದ ವರದಿಗೆ ಬಂದವಳು ಓದುಕೋಣೆಯ ಬೀಗ ಹಾಕಿದ ಬಾಗಿಲನ್ನೂ ಅದಕ್ಕೆ ಅಡ್ಡ ಕಟ್ಟಿದ ರಿಬ್ಬನ್ನನ್ನೂ ನೋಡುತ್ತ ಹೊರಗೆ, ಬೀದಿಗೆ ಕಾಣುವ ವರಾಂಡದ ಕುರ್ಚಿಯಲ್ಲಿ ಕಾದಳು. ಐದರ ಸೈರನ್ ಆಯಿತು. ಯಜಮಾನರ ಸುಳಿವಿಲ್ಲ. ಸಂಜೆ ಪತ್ರಿಕೆಯ ವಿದ್ಯಾರ್ಥಿಗಳ ಪುಟ ಅವತ್ತು ಬೇಗ ಅಚ್ಚಿಗೆ ಹೋಗುವುದಿತ್ತು. ಕೈಯಲ್ಲಿ ಆಹ್ವಾನ ಪತ್ರಿಕೆಯಿತ್ತು, ಭಾಷಣದ ಅಚ್ಚುಪ್ರತಿಯಿತ್ತು. ಇನ್ನೇನು ಬೇಕು? ಓಡಿದಳು, ಬರೆದಳು, ಬೀಗದ ಹಿಂದಿನ ಕೋಣೆಗೆ ತಾನೇ ಒಂದು ಕಿಟಕಿ ಇಟ್ಟಳು. ಮರುದಿನ ಮೊದಲ ಸಲ ಅವಳ ಹೆಸರು ಪತ್ರಿಕೆಯಲ್ಲಿ ಬಂತು.

ಈಗ ಅವಳಿಗೆ ಬೇಕಾಗಿದ್ದು ಇಷ್ಟೆ: ಅವತ್ತು ಇಲ್ಲಿದ್ದವರಲ್ಲಿ ಒಬ್ಬರು, ಒಬ್ಬರೇ ಒಬ್ಬರು, ಯಜಮಾನರು ತಡವಾಗಿ ಬಂದರು ಎಂದು ಬಾಯಿಬಿಡಬೇಕು.

“ಅಮ್ಮಾ, ಯಾವ ಕಿಟಕಿ?”

“ಯಾವ ಕಿಟಕಿ ಅಂದ್ರೆ? ಪಡುವಣದ್ದು.”

“ತೋರಿಸಿ.”

ಲೈಬ್ರರಿಯನ್ ಅಮ್ಮ ಕೈ ಎತ್ತಿದರು. ಎತ್ತಿದ ಕೈ ಕಪಾಟಿನ ಕಡೆ ಹೋಗಿ ನಿಂತಿತು. ಆಮೇಲೆ ಅವರು ಮೂಡಣ ಗೋಡೆಯ ಅಗಲ ಕಿಟಕಿಗಳ ಕಡೆ ತಿರುಗಿದರು, ಬಾಗಿಲಿನ ಕಡೆ ನೋಡಿದರು, ತಮ್ಮದೇ ಮನೆಯಲ್ಲಿ ದಾರಿ ತಪ್ಪಿದವರ ಹಾಗೆ ಒಂದು ಸುತ್ತು ಬಂದರು.

“ಇಲ್ಲೇ ಎಲ್ಲೋ...” ಅಂದರು.

ಮೇಜಿನ ತುದಿಯಲ್ಲಿ ಕೂತಿದ್ದ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಓದುತ್ತಿದ್ದ ಪತ್ರಿಕೆಯಿಂದ ತಲೆ ಎತ್ತಿದರು. “ಬಿಸಿಲು ಬಿದ್ದದ್ದು ನಿಜ. ನಾನೂ ಇದ್ದೆ. ಯಜಮಾನರ ಕನ್ನಡಕ ಹೊಳೀತಿತ್ತು. ಸಮಯಪಾಲನೆಗೆ ಹೆಸರಾದವರು ನೋಡಿ, ಸರಿಯಾಗಿ ಐದಕ್ಕೆ ಬಂದ್ರು.”

‘ಸಮಯಪಾಲನೆಗೆ ಹೆಸರಾದ’. ಅದೂ ಚೂಟಿಯದೇ ಮಾತು. ಎರಡನೇ ಪ್ಯಾರಾದ ಮೊದಲ ಸಾಲು. ಬಣ್ಣ, ಬೆಳಕು, ನೆರಳು ಎಂದು ಆಯುಸ್ಸೆಲ್ಲ ಮಕ್ಕಳಿಗೆ ಕಲಿಸಿದ ಮನುಷ್ಯನೂ ಇಲ್ಲದ ಕಿಟಕಿಯ ಬೆಳಕನ್ನು ಕಂಡಿದ್ದರು. ಚೂಟಿ ಅವರ ಕಡೆ ತಿರುಗಿದಳು.

“ನೀವು ಕಣ್ಣಾರೆ ಕಂಡ್ರಾ ಸಾರ್, ಅಥವಾ...”

“ಪೇಪರಲ್ಲಿ ಬಂದಿತ್ತಲ್ಲಮ್ಮ!” ಅಂದರು ಲೈಬ್ರರಿಯನ್ ಅಮ್ಮ, ಅಲ್ಲಿಗೆ ಜಗಳ ತೀರಿತು ಎನ್ನುವ ದನಿಯಲ್ಲಿ.

ಚೂಟಿ ಹತ್ತಿರ ಹೋಗಿ ಅವರ ಕೈ ಹಿಡಿದುಕೊಂಡಳು. “ಪೇಪರ್ ಬಿಡಿ ಅಮ್ಮಾ. ಅದರಲ್ಲಿ ಇಲ್ಲದ್ದು ಏನಾದ್ರೂ ಜ್ಞಾಪಕ ಇದೆಯಾ? ಯಾವುದಾದ್ರೂ ಚಿಲ್ಲರೆ ವಿಷಯ?”

ಲೈಬ್ರರಿಯನ್ ಅಮ್ಮ ಯೋಚಿಸಿದರು. “ಚಿಲ್ಲರೆ ಅಂದ್ರೆ... ಆ ಟ್ಯೂಬ್‌ಲೈಟ್ ಒಂದು ಮಾನ ಕಳೀತು. ಯಜಮಾನರು ಮಾತಾಡ್ತಿದ್ದಾಗ ಪಕಪಕ ಅಂತ ಹೊತ್ಕೊಳ್ಳೋದು, ಆರೋದು. ಆರಿದಾಗ ಕೈಲಿರೋ ಹಾಳೆ ಕಾಣಿಸದೆ ಭಾಷಣ ನಿಲ್ಲಿಸಿಬಿಡೋರು. ಅಟೆಂಡರ್ ಸ್ಟೂಲ್ ಹತ್ತಿ ತಿರುಗಿಸಿದ ಮೇಲೆ ಸರಿಹೋಯ್ತು.”

“ಅಷ್ಟು ಕತ್ತಲಾಗಿತ್ತಾ?”

“ಕತ್ತಲು ಅಂದ್ರೆ ಕತ್ತಲೇ. ಒಬ್ಬರ ಮುಖ ಒಬ್ಬರಿಗೆ...”

ಮಾತು ಅಲ್ಲಿಗೇ ತುಂಡಾಯಿತು. ಬೇಸಿಗೆಯ ಸಂಜೆ ಐದಕ್ಕೆ ಯಾವ ಊರಲ್ಲೂ ಕತ್ತಲಾಗುವುದಿಲ್ಲ ಎನ್ನುವುದು ಅವರ ಮುಖದ ಮೇಲೆ ನಿಧಾನವಾಗಿ ಮೂಡಿತು. ಚೂಟಿಯ ಎದೆಯಲ್ಲಿ ಒಂದು ವಾರದಿಂದ ಮುದುಡಿಕೊಂಡಿದ್ದದ್ದು ಏನೋ ಮಿಸುಕಿತು.

“ಅಮ್ಮಾ, ಇದನ್ನೇ ಪೊಲೀಸರ ಹತ್ರ ಹೇಳಿ. ಇಷ್ಟೇ ಸಾಕು.”

ಅವರು ಮೆಲ್ಲಗೆ ಕೈ ಬಿಡಿಸಿಕೊಂಡರು. “ಹೇಳಿಕೆ ಕೊಟ್ಟಾಗಿದೆ ಕಣಮ್ಮ. ಐದು ಅಂತ ಬರ್ಕೊಂಡ್ರು, ಸಹಿ ಹಾಕಿದ್ದೀನಿ. ಈ ಲೈಬ್ರರಿ ಯಜಮಾನರ ಟ್ರಸ್ಟಿಂದು. ನಿಮ್ಮ ಕಾಲೇಜೂ ಅವರದೇ. ನಿನಗೆ ಗೊತ್ತಿಲ್ಲದ್ದೇನು?”

“ನನ್ನ ಅಣ್ಣ ಅಮ್ಮಾ.”

“ಗೊತ್ತು.” ಅವರ ಕಣ್ಣು ನಿಜವಾಗಿಯೂ ನೊಂದಿತ್ತು. “ಆದ್ರೆ ಪೇಪರಲ್ಲಿ ಐದು ಅಂತ ನೀನೇ ಬರೆದಿದ್ದೀಯ. ನಾನು ಕತ್ತಲಾಗಿತ್ತು ಅಂದ್ರೆ, ಆಮೇಲೆ ಸುಳ್ಳಿ ಯಾರಾಗ್ತಾರೆ? ನಾನೋ, ನೀನೋ?”

ಡ್ರಾಯಿಂಗ್ ಮೇಷ್ಟ್ರು ಆಗಲೇ ಪತ್ರಿಕೆಯೊಳಕ್ಕೆ ಮುಖ ಹುದುಗಿಸಿಕೊಂಡಿದ್ದರು. ಚೂಟಿ ಹೊರಬಿದ್ದಳು.

*

ಸುದ್ದಿಕೋಣೆಯ ಗೋಡೆಯ ಮೇಲೆ ಹಿಂದಿನ ವರ್ಷದ ಹುಡುಗರು ದಪ್ಪ ಅಕ್ಷರದಲ್ಲಿ ಬಳಿದಿದ್ದ ಆರು ಮಾತುಗಳಿದ್ದವು. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ. ಅದರ ಕೆಳಗೇ ಕೂರುವ ಪತ್ರಿಕೋದ್ಯಮದ ಮೇಷ್ಟ್ರಿಗೆ ‘ಆರು ಪ್ರಶ್ನೆ’ ಎಂದೇ ಅಡ್ಡಹೆಸರು. ಊಟಕ್ಕೆ ಏಳಿ ಎಂದು ಹೆಂಡತಿ ಕರೆದರೂ ಯಾರು ಕರೆದದ್ದು, ಎಲ್ಲಿಗೆ, ಏಕೆ ಎಂದು ಕೇಳುತ್ತಾರಂತೆ. ಸಂಜೆ ಪತ್ರಿಕೆಯ ಡೆಸ್ಕಿನಲ್ಲಿ ಕೂದಲು ನರೆಸಿಕೊಂಡವರು. ವಿದ್ಯಾರ್ಥಿಗಳ ಪುಟ ಈಗಲೂ ಅವರ ಕೈ ದಾಟಿಯೇ ಹೋಗಬೇಕು.

ಮೊದಲ ತರಗತಿಯಲ್ಲೇ ಅವರು ಹೇಳಿದ್ದರು: “ನೋಡಿದ್ದು ಒಂದು ಡಬ್ಬಿ, ಕೇಳಿದ್ದು ಒಂದು ಡಬ್ಬಿ, ಊಹಿಸಿದ್ದು ಇನ್ನೊಂದು ಡಬ್ಬಿ. ಮೂರನೇದರ ಮುಚ್ಚಳ ತೆಗೆದವನು ಕಥೆ ಬರೀಲಿ, ಸುದ್ದಿ ಬರೆಯೋದು ಬೇಡ.” ಹೀಗೆ ಹೇಳಿದ ಮನುಷ್ಯನೇ ಚೂಟಿಯ ವರದಿಯನ್ನು ಕ್ಲಾಸಿಗೆಲ್ಲ ಓದಿ ಹೇಳಿ, ಕನ್ನಡಕದ ಬಿಸಿಲಿನ ಹತ್ತಿರ ನಿಲ್ಲಿಸಿ, “ಇದು ನೋಡಿ! ಕಣ್ಣಿಗೆ ಕಟ್ಟುವ ಒಂದೇ ಒಂದು ವಿವರ ಹಾಕಿ, ಉಳಿದದ್ದನ್ನೆಲ್ಲ ಓದುಗ ನಂಬ್ತಾನೆ” ಎಂದು ಮೆಚ್ಚಿದ್ದರು. ಆ ಹೊತ್ತಿಗೆ ಅವಳಿಗೆ ನೆಲದ ಮೇಲೆ ಕಾಲು ನಿಂತಿರಲಿಲ್ಲ.

“ಸರ್, ಒಂದು ತಿದ್ದುಪಡಿ ಹಾಕಬೇಕು.”

“ಯಾವುದಕ್ಕಮ್ಮ?”

“ಲೈಬ್ರರಿ ವರದಿಗೆ. ನಾನು ಬರೆದದ್ದಕ್ಕೆ.”

ಮೇಷ್ಟ್ರು ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು. “ಬಾಗಿಲು ಮುಂದಕ್ಕೆ ಮಾಡು.”

ಅವಳು ಎಲ್ಲ ಹೇಳಿದಳು. ಕುರ್ಚಿ, ಬೀಗ, ರಿಬ್ಬನ್, ಸೈರನ್, ಇಲ್ಲದ ಕಿಟಕಿ. ಮೇಷ್ಟ್ರು ತಣ್ಣಗಾದ ಟೀ ಲೋಟವನ್ನು ಅತ್ತ ಒಂದು ಸಲ, ಇತ್ತ ಒಂದು ಸಲ ಸರಿಸಿದರು.

“ಹಾಗಾದ್ರೆ ಒಳಗೇ ಹೋಗಿರಲಿಲ್ಲ ನೀನು?”

“ಇಲ್ಲ ಸರ್.”

“ಇಡೀ ಕ್ಲಾಸಿಗೆ ಓದಿ ಹೇಳಿದ್ನಲ್ಲಮ್ಮ.”

“ನೀವೇ ಹೇಳಿದ್ರಿ ಸರ್, ಪುಟ ಬೇಗ ಮುಗಿಸ್ತಾರೆ, ಕಾಯ್ತಾ ಕೂರಬೇಡ, ಆಹ್ವಾನ ಪತ್ರಿಕೆ ಇದೆ, ಭಾಷಣದ ಪ್ರತಿ ಇದೆ ಅಂತ.”

“ಹೌದು, ಹೇಳಿದೆ. ಹೆಸರು, ಹುದ್ದೆ ತಪ್ಪಿಲ್ಲದೆ ಬರೆಯೋಕೆ ಅದನ್ನ ನೋಡು ಅಂದೆ. ನಡೆಯದೇ ಇದ್ದದ್ದನ್ನ ನಡೀತು ಅಂತ ಬರಿ ಅಂದ್ನಾ?”

ಅಂದಿರಲಿಲ್ಲ. ಅದನ್ನು ಅವಳು ಒಪ್ಪಲೇಬೇಕಾಯಿತು. ಯಾರೂ ಅವಳ ಕೈ ಹಿಡಿದು ಬರೆಸಿರಲಿಲ್ಲ.

“ತಪ್ಪು ಎಲ್ಲಿ ಅಚ್ಚಾಯಿತೋ ಅಲ್ಲೇ ತಿದ್ದುಪಡಿ ಅಚ್ಚಾಗಬೇಕು ಅಂತ ನೀವು ಕಲಿಸಿದ್ದೀರಿ. ಅದೇ ಪುಟ, ಅದೇ ಜಾಗ. ‘ವರದಿಗಾರ್ತಿ ಕಾರ್ಯಕ್ರಮಕ್ಕೆ ಮುಂಚೆಯೇ ಹೊರಟಿದ್ದಳು, ಐದು ಗಂಟೆಗೆ ಮುಖ್ಯ ಅತಿಥಿ ಬಂದಿರಲಿಲ್ಲ.’ ಎರಡೇ ಸಾಲು ಸರ್. ನನ್ನ ಹೆಸರು ಹಾಕಿ. ಕಾಲೇಜಿಂದ ತೆಗೆದುಹಾಕಿದ್ರೂ ಪರವಾಗಿಲ್ಲ.”

ಮೇಷ್ಟ್ರು ಎದ್ದು ಗೋಡೆಯ ಹತ್ತಿರ ಹೋದರು. ಕಲಿಸುವಾಗ ಮಾಡುವ ಹಾಗೆ ಬೆರಳಿನ ಗೆಣ್ಣಿನಿಂದ ಮೊದಲ ಮಾತಿನ ಮೇಲೆ ತಟ್ಟಿದರು.

“ಸರಿ, ಡೆಸ್ಕಲ್ಲಿ ನೀನು ಕೂತಿದ್ದೀಯ ಅಂತ ಇಟ್ಕೋ. ಸುದ್ದಿ ಬಂತು. ಹೇಳಿದ್ದು ಯಾರು?”

“ನಾನು.”

“ನಾನು ಅನ್ನೋದು ಡೆಸ್ಕಿಗೆ ಬೇಡ.”

“ಆರೋಪಿಯ ತಂಗಿ.”

“ಏನು ಹೇಳ್ತಾಳೆ?”

“ತಾನೇ ಬರೆದ ವರದಿ ಸುಳ್ಳು ಅಂತ.”

“ಯಾವಾಗ ಹೇಳ್ತಿದ್ದಾಳೆ? ವರದಿ ಬಂದ ಮರುದಿನವಾ?”

“ಅಣ್ಣ ಸಿಕ್ಕಿಬಿದ್ದ ಮೇಲೆ.”

“ಏಕೆ?”

“ಅಣ್ಣನ್ನ ಉಳಿಸೋಕೆ.”

“ಹೇಗೆ ಸಾಬೀತು ಮಾಡ್ತಾಳೆ?”

ತನ್ನ ಬಾಯಿಂದ ಬಂದ ಒಂದೊಂದು ಉತ್ತರವೂ ತನ್ನ ಸತ್ಯದ ಕಾಲು ಮುರಿಯುತ್ತಿರುವುದನ್ನು ಅವಳು ನಿಂತು ನೋಡಿದಳು. ಉತ್ತರಗಳಲ್ಲಿ ಒಂದೂ ತಪ್ಪಿರಲಿಲ್ಲ.

“ಇದನ್ನ ನೀನಾದ್ರೆ ಪತ್ರಿಕೇಲಿ ಹಾಕ್ತಿದ್ಯಾ?”

ಸುಳ್ಳು ಹೇಳಬಹುದಿತ್ತು. ಆದರೆ ಸುಳ್ಳಿನ ರುಚಿ ಒಂದು ವಾರದಿಂದ ಬಾಯಲ್ಲೇ ಇತ್ತು. “ಇಲ್ಲ ಸರ್,” ಅಂದಳು.

“ಅದೇ ಕಷ್ಟ ಮಗು.” ಮೇಷ್ಟ್ರು ಮತ್ತೆ ಬಂದು ಕೂತರು. ದನಿ ಮೆತ್ತಗಾಗಿತ್ತು. “ಎರಡನೇ ಮೂಲ ಬೇಕು. ನಿನಗೂ ನಿನ್ನ ಮನೆಗೂ ಸಂಬಂಧ ಇಲ್ಲದವರು. ನೀನು ಮುಂಚೆಯೇ ಹೊರಟದ್ದನ್ನ ನೋಡಿದವರು. ಅಂಥವರು ಯಾರಾದ್ರೂ ಇದ್ದಾರಾ?”

“ಗೊತ್ತಿಲ್ಲ ಸರ್. ಹೊರಗಿನ ಸಾಲಲ್ಲಿ ನಾನೊಬ್ಬಳೇ ಕೂತಿದ್ದೆ. ಉಳಿದವರೆಲ್ಲ ಇನ್ನೂ ಹಿಂದಿನ ಹಾಲಲ್ಲೇ ಓದ್ತಾ ಕೂತಿದ್ರು.”

“ಆಮೇಲೆ, ನೀನು ಹೋಗುವಾಗ? ಗೇಟಿನ ಹತ್ರ ಯಾರೂ ನಿಂತಿರಲಿಲ್ಲ ತಾನೆ?”

“ನಾನು ಯಾರನ್ನೂ ನೋಡಲಿಲ್ಲ. ಓಡ್ತಿದ್ದೆ.”

“ಹ್ಞೂಂ.” ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು. “ನಾನು ಸಂಪಾದಕರ ಹತ್ರ ಮಾತಾಡಿ ನೋಡ್ತೀನಿ. ಪತ್ರಿಕೆಗೆ ಕಾಗದ ಬರೋದು ಯಜಮಾನರ ಗೋದಾಮಿಂದ, ಅದು ನಿನ್ನ ತಲೇಲಿರಲಿ. ಅಲ್ಲೀವರೆಗೂ ಯಾರ ಹತ್ರಾನೂ ಬಾಯಿ ಬಿಡಬೇಡ. ಪೊಲೀಸರ ಹತ್ರ ಅಂತೂ ಬೇಡವೇ ಬೇಡ. ಸುಮ್ಮನೆ ಮನೆಗೆ ಹೋಗು. ಅಳಬೇಡ.”

“ನಾನು ಅಳ್ತಿಲ್ಲ ಸರ್.”

ನಿಜ. ಅವಳ ಕಣ್ಣು ಸುಡುತ್ತಿತ್ತು, ಹನಿ ಮಾತ್ರ ಬಂದಿರಲಿಲ್ಲ. ಆದರೂ ಅಷ್ಟು ಮೆತ್ತಗೆ ಯಾರಾದರೂ ಮಾತಾಡಿಸಿ ಒಂದು ವಾರವಾಗಿತ್ತು. ಬಾಗಿಲು ದಾಟುವಾಗ ಅವಳು ತಿರುಗಿ ಮೇಷ್ಟ್ರಿಗೆ ಕೈ ಮುಗಿದಳು.

*

ಮನೆಗೆ ಹೋಗು ಅಂದರೆ ಹೋಗಿಬಿಡುವುದು ಸುಲಭವಲ್ಲ. ಮನೆಯಲ್ಲಿ ಅಮ್ಮ ಇದ್ದಳು, ಕನ್ನಡಿ ಇತ್ತು. ಆ ಕನ್ನಡಿಯ ಚೌಕಟ್ಟಿಗೆ ಅಮ್ಮ ಚೂಟಿಯ ವರದಿಯನ್ನು ಕತ್ತರಿಸಿ ಸಿಕ್ಕಿಸಿದ್ದಳು. ಮಗ ಲಾಕಪ್ಪು ಸೇರಿದ ಮೇಲೂ ತೆಗೆದಿರಲಿಲ್ಲ. ಒಂದಾದರೂ ಒಳ್ಳೆಯದಿರಲಿ ಕಣ್ಣೆದುರಿಗೆ, ಅನ್ನುತ್ತಿದ್ದಳು. ತಲೆ ಬಾಚಲು ನಿಂತಾಗಲೆಲ್ಲ ಚೂಟಿಗೆ ತನ್ನ ಮುಖದ ಪಕ್ಕದಲ್ಲೇ ತನ್ನ ಸುಳ್ಳು ಕಾಣುತ್ತಿತ್ತು.

ಮಧ್ಯಾಹ್ನವೆಲ್ಲ ಬೀದಿ ಅಲೆದು ಅವಳು ಸ್ಟೇಷನ್ನಿಗೆ ಹೋದಳು.

ಭೇಟಿಗೆ ಬಿಟ್ಟಿದ್ದು ಹಿಂದಿನ ವರಾಂಡದಲ್ಲಿ. ಮಧ್ಯೆ ಒಂದು ಮೇಜು, ಈಚೆ ಚೂಟಿ, ಆಚೆ ಅಣ್ಣ, ಬಾಗಿಲಲ್ಲಿ ಒಬ್ಬ ಮಹಿಳಾ ಕಾನ್‌ಸ್ಟೇಬಲ್. ಅಣ್ಣನ ಗಡ್ಡ ಬೆಳೆದಿತ್ತು. ಸ್ಟೀರಿಂಗ್ ಹಿಡಿದು ಗಟ್ಟಿಯಾದ ಅಂಗೈಗಳನ್ನು ಮೇಜಿನ ಮೇಲೆ ಮಗುಚಿ ಇಟ್ಟುಕೊಂಡಿದ್ದ.

“ಅಮ್ಮ ಊಟ ಮಾಡಿದ್ಲಾ?”

“ಮಾಡಿದ್ಲು.”

“ಸುಳ್ಳು ಹೇಳೋದು ನಿನಗೆ ಬರೋದಿಲ್ಲ ಚೂಟಿ.”

ಆ ಮಾತು ಅವಳ ಕರುಳಿಗೆ ನೇರ ತಗುಲಿತು. “ಬರುತ್ತೆ ಅಣ್ಣ. ಚೆನ್ನಾಗೇ ಬರುತ್ತೆ. ಆ ಲೈಬ್ರರಿ ವರದಿ ನೋಡದೇ ಬರೆದದ್ದು. ಆ ಕೋಣೆಗೆ ನಾನು ಕಾಲೇ ಇಟ್ಟಿರಲಿಲ್ಲ. ಐದು ಗಂಟೆಗೆ ನಿಮ್ಮ ಯಜಮಾನರು ಅಲ್ಲಿ ಇರ್ಲೇ ಇಲ್ಲ.”

ಅಣ್ಣ ಗಾಬರಿಯಾಗಲಿಲ್ಲ. ಬಾಗಿಲಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

“ಗೊತ್ತು.”

“ಏನು ಗೊತ್ತು?”

“ಎಲ್ಲಾ.” ಅವನು ಸ್ವಲ್ಪ ನಕ್ಕ. “ನಿನ್ನ ಚಪ್ಪಲಿ ರಿಪೇರಿ ಮಾಡಿಸಿದ್ಯಾ?”

ಚೂಟಿ ತಲೆ ಎತ್ತಿದಳು. ಅವತ್ತು ಲೈಬ್ರರಿಯ ಗೇಟು ದಾಟುವಾಗ ಎಡಗಾಲಿನ ಚಪ್ಪಲಿಯ ಉಂಗುಷ್ಟ ಕಿತ್ತುಹೋಗಿತ್ತು. ನಿಲ್ಲಲು ಪುರುಸೊತ್ತಿಲ್ಲದೆ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಬಸ್ಸಿಗೆ ಓಡಿದ್ದಳು. ಮರ್ಯಾದೆ ಹೋದೀತೆಂದು ಯಾರಿಗೂ ಹೇಳಿರಲಿಲ್ಲ. ಅಮ್ಮನಿಗೂ ಇಲ್ಲ.

“ನೀನು ಅಲ್ಲಿದ್ಯಾ?”

“ಎದುರಿನ ಸೈಕಲ್ ಅಂಗಡಿ ಜಗಲಿ ಮೇಲೆ. ಅಂಗಡಿ ಅವತ್ತು ಮುಚ್ಚಿತ್ತು. ಯಜಮಾನರು ಕಾರು ತಾವೇ ತಗೊಂಡು ಹೋಗ್ತೀನಿ ಅಂದ್ರಲ್ಲ, ಕೆಲಸ ಇರಲಿಲ್ಲ. ನಮ್ಮ ಚೂಟಿ ಪತ್ರಿಕೆಯವರ ಕುರ್ಚೀಲಿ ಹೇಗೆ ಕೂತ್ಕೋತಾಳೆ, ಒಂದು ಸಲ ದೂರದಿಂದ ನೋಡೋಣ ಅಂತ ಬಂದೆ. ನೋಡಿದೆ. ಬೆನ್ನು ನೆಟ್ಟಗೆ ಮಾಡ್ಕೊಂಡು ಕೂತಿದ್ದೆ.” ಅವನ ಕಣ್ಣು ಎಲ್ಲೋ ಹೋಗಿತ್ತು. “ಸೈರನ್ ಆಯ್ತು. ಇನ್ನೊಂದು ಸ್ವಲ್ಪ ಹೊತ್ತು ಕಾದೆ ನೀನು. ಆಮೇಲೆ ಚಪ್ಪಲಿ ಕೈಲಿ ಹಿಡ್ಕೊಂಡು ಓಡಿದೆ. ಕೂಗೋಣ ಅಂದ್ಕೊಂಡೆ. ಬೀದೀಲಿ ಅಷ್ಟು ಜನರ ಮಧ್ಯೆ ಚೂಟಿ ಅಂತ ಕೂಗಿದ್ರೆ ಸಿಟ್ಟು ಮಾಡ್ಕೋತೀಯ ಅಂತ ಸುಮ್ಮನಾದೆ.”

ಗೋದಾಮಿನ ತಾತ ಕೂಗಿಕೊಂಡ ಹೊತ್ತಿಗೆ ಅಣ್ಣ ಅವಳ ಬೆನ್ನ ಹಿಂದೆಯೇ ನಿಂತಿದ್ದ. ಇಷ್ಟು ದಿನ ಎಲ್ಲರೂ ಅವನ ಬಾಯಿಂದ ಹೊರಡಿಸಲು ನೋಡಿದ ಮಾತು ಇದೇ. ಎಲ್ಲಿದ್ದೆ ಎಂದು ಅವನು ಹೇಳಿದ ಕ್ಷಣವೇ ಅವಳು ಅಲ್ಲಿರಲಿಲ್ಲ ಎಂದೂ ಹೇಳಿದ ಹಾಗಾಗುತ್ತಿತ್ತು.

“ಅಯ್ಯೋ ಅಣ್ಣ, ಇದನ್ನ ಹೇಳೋಕೇನಾಗಿತ್ತು ನಿನಗೆ?”

“ಏನಂತ ಹೇಳ್ಲಿ? ಮರುದಿನ ಪೇಪರ್ ಬಂತು. ನಿನ್ನ ಹೆಸರು. ಅಮ್ಮ ಓಣಿ ತುಂಬಾ ತೋರಿಸ್ಕೊಂಡು ಬಂದ್ಲು. ಅದರ ಮಾರನೇ ದಿನ ಪೊಲೀಸರು ಬಂದು ಎಲ್ಲಿದ್ದೆ ಅಂದ್ರೆ, ನನ್ನ ತಂಗಿ ಬರೆದದ್ದು ಸುಳ್ಳು ಅಂತ ನನ್ನ ಬಾಯಿಂದ ಹೇಗೆ ಬರುತ್ತೆ? ನಾನು ಏನೂ ಮಾಡಿಲ್ವಲ್ಲ, ಎರಡು ದಿನ ಕೂರಿಸಿ ಬಿಡ್ತಾರೆ ಅಂದ್ಕೊಂಡೆ.”

“ಈಗ ಹೇಳು. ಇಬ್ಬರೂ ಹೇಳೋಣ. ಸೈಕಲ್ ಅಂಗಡಿ, ಚಪ್ಪಲಿ, ಎಲ್ಲಾ ಹೇಳೋಣ. ಲೈಬ್ರರಿಯಮ್ಮನ ಟ್ಯೂಬ್‌ಲೈಟೂ ಇದೆ.”

ಅಣ್ಣ ಮೇಜಿನ ಮೇಲಿದ್ದ ಕೈಗಳನ್ನು ಕೆಳಗೆ ಇಳಿಸಿಕೊಂಡ.

“ಆಗೋದಿಲ್ಲ ಪುಟ್ಟಾ. ಒಪ್ಕೊಂಡುಬಿಟ್ಟೆ. ನಾನೇ ಮಾಡಿದ್ದು ಅಂತ.”

ಚೂಟಿ ಮೇಜಿನ ಅಂಚು ಹಿಡಿದುಕೊಂಡಳು.

“ಹೊಡೆದ್ರಾ?”

“ಇಲ್ಲ. ಹೊಡೆದಿದ್ರೆ ತಡ್ಕೊಳ್ತಿದ್ದೆ. ಹಾಗೇನಿಲ್ಲ. ಹೇಳಿಬಿಡೋಣ ಅಂತ ಮನಸ್ಸು ಮಾಡಿದ್ದೂ ಇತ್ತು. ಅಷ್ಟರಲ್ಲಿ ಅವರು ಬಂದು ತಿಳಿಸಿ ಹೇಳಿದ್ರು. ವರದಿ ಸುಳ್ಳು ಅಂತಾದ್ರೆ ಕೊಲೆಗೆ ಸಹಾಯ ಮಾಡಿದ ಹಾಗಂತೆ, ನಿನ್ನೂ ಒಳಗೆ ಹಾಕ್ತಾರಂತೆ. ಆಮೇಲೆ ಅಮ್ಮನಿಗೆ ಯಾರಿರ್ತಾರೆ? ನಾನು ಒಪ್ಕೊಂಡ್ರೆ ಸಿಟ್ಟಿನ ಕೈಲಿ ಆದದ್ದು ಅಂತ ಶಿಕ್ಷೆ ಕಡಿಮೆ ಮಾಡಿಸ್ತಾರಂತೆ, ನಿನ್ನ ಓದು ನಿಲ್ಲೋದಿಲ್ಲವಂತೆ. ದೊಡ್ಡ ಮನುಷ್ಯರು. ನನ್ನ ಕೈ ಹಿಡ್ಕೊಂಡು ಮಗು ಅಂತ ಮಾತಾಡಿಸಿದ್ರು.”

“ಯಾರು ಅಣ್ಣ? ಲಾಯರಾ?”

“ಅಲ್ಲ. ನಿಮ್ಮ ಮೇಷ್ಟ್ರು.”

ವರಾಂಡದ ಆಚೆ ಯಾರೋ ಜೀಪು ಚಾಲೂ ಮಾಡಿದರು. ಅದರ ಸದ್ದು ಅಡಗುವವರೆಗೆ ಚೂಟಿ ಕಾಯಬೇಕಾಯಿತು.

“ಇವತ್ತು ಬಂದಿದ್ರಾ? ಮಧ್ಯಾಹ್ನ?”

“ನಿನ್ನೆ. ನೀನು ಒಳಗೆ ಹೋಗದೇ ಬರೆದದ್ದು ಅವರಿಗೆ ಮೊದಲೇ ಗೊತ್ತಿತ್ತು. ಲೈಬ್ರರಿ ಹತ್ರ ನಾನಿದ್ದದ್ದೂ ಗೊತ್ತಿತ್ತು. ನೀನೇ ಕಳಿಸಿದ್ದು ಅಂದ್ಕೊಂಡೆ.”

ಅವಳು ಮೇಷ್ಟ್ರಿಗೆ ಬಾಯಿ ಬಿಟ್ಟದ್ದು ಇವತ್ತು ಬೆಳಿಗ್ಗೆ. ‘ಗೇಟಿನ ಹತ್ರ ಯಾರೂ ನಿಂತಿರಲಿಲ್ಲ ತಾನೆ?’ ಗೇಟಿನ ಮಾತನ್ನು ಅವಳು ಎತ್ತಿರಲೇ ಇಲ್ಲ. ಎತ್ತಿದವರು ಅವರು. ಅದನ್ನು ಕೇಳಿದ್ದು ಸಾಕ್ಷಿ ಸಿಗಲೆಂದಲ್ಲ, ಸಿಕ್ಕಿಲ್ಲ ತಾನೆ ಎಂದು ಖಾತ್ರಿ ಮಾಡಿಕೊಳ್ಳಲು. ಅಣ್ಣ ಅಲ್ಲಿದ್ದದ್ದನ್ನು ತಡವಾಗಿ ಬಂದ ಯಜಮಾನರೇ ಕಂಡು ಅವರಿಗೆ ಹೇಳಿರಬೇಕು. ಅಂಥ ಮನುಷ್ಯನಿಗೆ ಕೈ ಮುಗಿದು ಬಂದಿದ್ದಳು ಅವಳು.

“ಹೊತ್ತಾಯ್ತು,” ಅಂದಳು ಕಾನ್‌ಸ್ಟೇಬಲ್.

ಅಣ್ಣ ಎದ್ದ. “ಆ ಪೇಪರ್ ತುಂಡು ಕನ್ನಡಿಯಿಂದ ತೆಗೀಬೇಡ ಅಂತ ಅಮ್ಮನಿಗೆ ಹೇಳು,” ಅಂದ, ಹೋಗುತ್ತ.

ಚೂಟಿ ವರಾಂಡದಿಂದ ಸ್ಟೇಷನ್ನಿನ ಮುಂದಿನ ಕೋಣೆಗೆ ಓಡಿಯೇ ಬಂದಳು. ಇನ್‌ಸ್ಪೆಕ್ಟರ್ ಹತ್ತಿರ ಹೇಳಬೇಕು. ಈಗಲೇ. ನಂಬಲಿ ಬಿಡಲಿ, ಹೇಳಬೇಕು. ನಿನ್ನೆಯ ಭೇಟಿಯನ್ನು ನೋಡಿದವರು ಈ ಸ್ಟೇಷನ್ನಿನಲ್ಲೇ ಇರಬೇಕು. ಅದು ಎರಡನೇ ಮೂಲ.

“ಮೇಡಂ, ನಾನು ಹೇಳಿಕೆ ಕೊಡಬೇಕು. ಲೈಬ್ರರಿ ವರದಿ ಬಗ್ಗೆ. ಸಾಹೇಬರಿಗೆ ತಿಳಿಸಿ.”

ಹಿಂದೆಯೇ ಬಂದ ಕಾನ್‌ಸ್ಟೇಬಲ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕೆಟ್ಟ ಹೆಂಗಸಲ್ಲ, ಕುಡಿಯಲು ನೀರು ಕೊಟ್ಟವಳು ಅವಳೇ.

“ಇನ್ನೂ ಏನು ಹೇಳೋದಿದೆಯಮ್ಮ? ಎಲ್ಲಾ ಹೇಳಿದ್ದೀಯಲ್ಲ. ನಿನ್ನ ಧೈರ್ಯ ನೋಡಿ ಸಾಹೇಬರೂ ಮೆಚ್ಕೊಂಡ್ರು.”

“ನಾನಾ? ಯಾವಾಗ?”

ಕಾನ್‌ಸ್ಟೇಬಲ್ ಮೇಜಿನ ಮೇಲಿದ್ದ ಸಂಜೆ ಪತ್ರಿಕೆಯನ್ನು ಅವಳ ಕಡೆ ತಿರುಗಿಸಿದಳು. ಶಾಯಿ ಇನ್ನೂ ಕೈಗೆ ಹತ್ತುತ್ತಿತ್ತು. ‘ಗೋದಾಮಿನ ಕೊಲೆ: ತಪ್ಪೊಪ್ಪಿಕೊಂಡ ಡ್ರೈವರ್’. ಮೊದಲ ಪ್ಯಾರಾದಲ್ಲೇ ಆರು ಪ್ರಶ್ನೆಗೂ ಉತ್ತರವಿತ್ತು. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಎರಡನೇ ಪ್ಯಾರಾ ಹೀಗಿತ್ತು:

‘ಲೈಬ್ರರಿಯ ಕಾರ್ಯಕ್ರಮ ಮುಗಿಯುವವರೆಗೂ ನಾನು ಮುಂದಿನ ಸಾಲಿನಲ್ಲೇ ಇದ್ದೆ. ಕಣ್ಣಾರೆ ಕಂಡದ್ದನ್ನೇ ಬರೆದೆ. ಒಡಹುಟ್ಟಿದವನೆಂದು ಈಗ ಮಾತು ಬದಲಿಸಲಾರೆ’ ಎಂದು ಆರೋಪಿಯ ತಂಗಿ, ಪತ್ರಿಕೋದ್ಯಮದ ವಿದ್ಯಾರ್ಥಿನಿ, ಇಂದು ಬೆಳಿಗ್ಗೆ ಪತ್ರಿಕೆಗೆ ತಿಳಿಸಿದರು. ಹೀಗೆ ಹೇಳುವಾಗ ಅವರ ಕಣ್ಣಂಚಿನಿಂದ ಜಾರಿದ ಒಂದು ಹನಿ, ಮೇಜಿನ ಮೇಲಿನ ತಣ್ಣನೆಯ ಟೀ ಲೋಟದ ಪಕ್ಕದಲ್ಲಿ ಬಿತ್ತು.

ಕಣ್ಣಿಗೆ ಕಟ್ಟುವ ಒಂದೇ ಒಂದು ವಿವರ.

“ಇದು ನಾನು ಹೇಳಿದ್ದಲ್ಲ,” ಅಂದಳು ಚೂಟಿ. “ನಾನು ಅಳಲೇ ಇಲ್ಲ. ಮೇಡಂ, ನಂಬಿ, ಇದರಲ್ಲಿ ಒಂದಕ್ಷರವೂ ನಾನು ಹೇಳಿದ್ದಲ್ಲ.”

ಕಾನ್‌ಸ್ಟೇಬಲ್ ಮರುಕದಿಂದ ಅವಳ ಭುಜದ ಮೇಲೆ ಕೈ ಇಟ್ಟಳು.

“ಪೇಪರಲ್ಲಿ ಬಂದಿದೆಯಲ್ಲಮ್ಮ.”